ಮಂಚದ ಕೆಳಗಿನ ಡೊಳ್ಳು

ನಮ್ಮ ಓಣಿಯಲ್ಲಿ ಅಂಗಳಕ್ಕೆ ನೀರು ಚಿಮುಕಿಸುವುದೆಂದರೆ ಒದ್ದೆ ಬಟ್ಟೆಯಿಂದ ಒಂದು ಚೌಕ ಒರೆಸುವುದು. ಆ ಚೌಕದಲ್ಲಿ ಹಿಡಿಸಿದಷ್ಟು ರಂಗೋಲಿ. ಆ ದಿನ ಬೆಳಿಗ್ಗೆಯೂ ಹಾಗೆಯೇ ಒರೆಸಿ ರಂಗೋಲಿ ಎಳೆದೆ. ಹಾಲು ಕಾಯಲಿಟ್ಟೆ. ಮಂಡಕ್ಕಿ ನೆನೆಸಿದ ನೀರನ್ನು ಚೆಲ್ಲದೆ ತುಳಸಿಗೆ ಹಾಕಿ, ಖಾಲಿ ಕೊಡಗಳನ್ನು ಗೇಟಿನ ಹೊರಗೆ ಸಾಲಾಗಿ ಇಟ್ಟೆ. ನಮ್ಮವು ನೀಲಿ ಕೊಡಗಳು. ಎದುರುಮನೆ ಅಕ್ಕನವು ಹಸಿರು, ಒಂದರ ಕುತ್ತಿಗೆಗೆ ಮೇಣ ಮೆತ್ತಿದೆ.

ಟ್ಯಾಂಕರ್ ಬಂತು. ಅದರ ಹಿಂದೆಯೇ ಇನ್ನೊಂದು ಬಂತು. ಒಂದೇ ಟ್ಯಾಂಕರಿಗೆ ಜಗಳವಾಡಿ ಅಭ್ಯಾಸವಾಗಿದ್ದ ನಾವು ಎರಡನ್ನು ನೋಡಿ ಯಾವುದಕ್ಕೆ ಜಗಳವಾಡುವುದೆಂದು ತಿಳಿಯದೆ ನಿಂತೆವು. ಸ್ವಲ್ಪ ಹೊತ್ತಿಗೆ ಒಬ್ಬಾತ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ತಂದು ಗಟಾರದ ಎರಡೂ ಬದಿಗೆ ಬಿಳಿ ಗೆರೆ ಎಳೆದು ಹೋದ. ಓಣಿಯ ತುದಿಯ ನೀರಿನ ಟ್ಯಾಂಕಿಗೆ ಏಣಿ ಹಚ್ಚಿ ಇನ್ನೊಬ್ಬಾತ ಬಣ್ಣ ಬಳಿಯತೊಡಗಿದ. ಆ ಟ್ಯಾಂಕಿಗೆ ಉದ್ಘಾಟನೆಯಾಗಿ ವರ್ಷಗಳಾಗಿವೆ. ನೀರು ಮಾತ್ರ ಅದರೊಳಗೆ ಇನ್ನೂ ಹೋಗಿಲ್ಲ.

"ಯಾರು ಬರ್ತಾರವ್ವ, ಮಂತ್ರಿನಾ?" ಎಂದರು ಎದುರುಮನೆ ಅಕ್ಕ.

"ಮಂತ್ರಿ ಅಲ್ರಿ ಅಕ್ಕ. ಸಂಜಿಗೆ ಬೀಗ್ರು ಮನಿ ನೋಡಾಕ ಬರ್ತಾರ. ಎಲಿ-ಅಡಿಕಿ ಹಿಡಿಯೋದು ಐತಿ."

"ಗಟಾರದ ರಾಡಿ ಬಳೀರಿ ಅಂದ್ರ ಸುತ್ತ ಪೌಡರ್ ಹಚ್ಚಿ ಹೋಗ್ಯಾನ ನೋಡು, ಎರದ ಕೂಸಿಗೆ ಹಚ್ಚಿದಂಗ," ಎಂದು ಅಕ್ಕ ಕೊಡ ಎತ್ತಿಕೊಂಡರು.

ಬರಲಿದ್ದ ಬೀಗರು ನಮ್ಮ ಭಾಗದ ಮುಖಂಡರು. ಆ ಟ್ಯಾಂಕಿ ಕಟ್ಟಿಸಿದವರು. ನನ್ನ ಮೈದುನನ ಬ್ಯಾಂಡು ಇಷ್ಟು ವರ್ಷ ಸುತ್ತಲಿನ ಐದೂ ತಾಲ್ಲೂಕುಗಳಲ್ಲಿ ಹಾಡಿ ಹಾಡಿ ಬೈದದ್ದು ಅವರನ್ನೇ. ಈಗ ಮಗಳ ಹಟಕ್ಕೆ ಮಣಿದು ಅವಳನ್ನು ಮೈದುನನಿಗೆ ಕೊಡಲು ಒಪ್ಪಿದ್ದರು. ಒಂದೇ ಕರಾರು: ಬ್ಯಾಂಡು ಬಂದಾಗಬೇಕು. ಟ್ಯಾಂಕಿಯ ಹಾಡು ಇನ್ನೊಮ್ಮೆ ತಮ್ಮ ಕಿವಿಗೆ ಬಿದ್ದರೆ ಎಲೆ-ಅಡಿಕೆ ವಾಪಸ್. ಮೈದುನ ಮಾತು ಕೊಟ್ಟು ಬಂದಿದ್ದ. ಅಂದಿನಿಂದ ಅವನು ಯಾವುದರ ಬಗ್ಗೆಯೂ ಏನೂ ಅನ್ನುತ್ತಿರಲಿಲ್ಲ. ಸಾರಿಗೆ ಉಪ್ಪು ಮರೆತರೂ ಸುಮ್ಮನೆ ಉಂಡು ಏಳುತ್ತಿದ್ದ. ಅದನ್ನು ನೋಡುವುದು ನನಗೆ ಬೈಗುಳ ಕೇಳುವುದಕ್ಕಿಂತ ಕಷ್ಟವಾಗಿತ್ತು.

ಬ್ಯಾಂಡು ಹುಟ್ಟಿದ್ದು ನಮ್ಮ ಮಾಳಿಗೆಯ ಮೇಲೆ. ಮೈದುನನದು ಮೊಬೈಲ್ ರಿಪೇರಿ ಅಂಗಡಿ. ಒಂದು ದಿನ ಅವನು ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದ. ಯಾವುದೋ ದೇಶದ ಹುಡುಗರು ಪಿಟೀಲು, ಗಿಟಾರು ಬಡಿಯುತ್ತಾ ತಮ್ಮ ಸರ್ಕಾರಕ್ಕೆ ಗಂಟಲು ಹರಿಯುವಂತೆ ಕೂಗುತ್ತಿದ್ದರು. "ಅತ್ತಿಗಿ, ಇದಕ್ಕ ಫೋಕ್ ಪಂಕ್ ಅಂತಾರ. ಇದು ನಮ್ಮವ್ವನ ಬೀಗರ ಹಾಡ ಅಲ್ಲೇನು?" ಎಂದ.

ಅತ್ತೆ ತಮ್ಮ ಕಾಲದಲ್ಲಿ ಬೀಗರ ಹಾಡಿಗೆ ಹೆಸರಾದವರು. ಮದುವೆಯಲ್ಲಿ ಎರಡೂ ಕಡೆಯ ಹೆಂಗಸರು ಎದುರುಬದುರು ಕೂತು ಹೊಸ ಬೀಗರನ್ನು ಹಾಡಿನಲ್ಲಿ ಹೀಗಳೆಯುತ್ತಾರೆ. ಬೀಗರ ಮೂಗು, ಪಂಚೆ, ಜಿಪುಣತನ, ಏನನ್ನೂ ಬಿಡುವುದಿಲ್ಲ. ಬೈಸಿಕೊಂಡವರು ನಗಬೇಕು. ನಕ್ಕು, ಹಾಡಿದವರ ಉಡಿಗೆ ಕುಬಸದ ಕಣ ಹಾಕಬೇಕು. ಸಿಟ್ಟಾದವರು ಸೋತಂತೆ. ಅತ್ತೆ ಫೋನಿನ ಹಾಡನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಪಾಪ, ಕಣ ಹಾಕವ್ರು ಯಾರೂ ಇಲ್ಲ ಅನಸ್ತೈತಿ, ಅದಕ ಅಷ್ಟು ಒದರ್ತಾವ" ಎಂದರು. ಮಗನಿಗೆ ತಮ್ಮ ಧಾಟಿಗಳನ್ನೆಲ್ಲ ಕಲಿಸಿದರು.

ಮೈದುನ ಗಿಟಾರು ತಂದ. ಕುರಿ ಕಾಯುವ ಮನೆತನದ ಅವನ ಗೆಳೆಯನೊಬ್ಬ ಪಂಕ್ಚರ್ ಅಂಗಡಿ ಇಟ್ಟಿದ್ದ. ಅವನು ಡೊಳ್ಳು ತಂದ. ಕೂಡ್ಲಿಗಿಯಿಂದ ಹಡಗಲಿಗೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್ ತನ್ನ ಸೀಟಿಯನ್ನೇ ತಂದ. ಮಾಳಿಗೆಯ ಮೇಲೆ ಮೂವರೂ ಕೂಗುವಾಗ ಕೆಳಗೆ ನನ್ನ ಒಗ್ಗರಣೆ ಡಬ್ಬಿಯ ಮುಚ್ಚಳಗಳು ಕುಣಿಯುತ್ತಿದ್ದವು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಪ್ರಾರ್ಥನಾ ತಂಡದಲ್ಲಿ ಎರಡನೇ ದನಿ ನನ್ನದು. ಒಬ್ಬರು ಹಾಡುವಾಗ ಅದರ ಕೆಳಗೆ ಇನ್ನೊಂದು ದನಿ ಹಾಸುವುದು. ಬಾಯನ್ನು ಮೊಟ್ಟೆಯ ಆಕಾರದಲ್ಲಿ ತೆರೆದರೆ ಕೊನೆಯ ಬೆಂಚಿನವರೆಗೂ ಅಕ್ಷರ ಒಡೆಯದೆ ಹೋಗುತ್ತದೆಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಅದನ್ನು ಈ ಮೂವರಿಗೆ ಹೇಳಿಕೊಟ್ಟೆ. ದೇವರ ಸ್ತುತಿಗೆಂದು ಕಲಿತ ಬಾಯಿ ಟ್ಯಾಂಕಿಯ ಬೈಗುಳಕ್ಕೆ ಬಹಳ ಚೆನ್ನಾಗಿ ಹೊಂದಿತು. ಜೊತೆಗೆ, ನನ್ನ ಮನೆಯ ಮಾಳಿಗೆಯಿಂದ ಯಾರನ್ನೂ 'ಲೇ' ಅನ್ನಬಾರದೆಂದೂ ಹೇಳಿದೆ. ಹಾಗಾಗಿ ಅವರು ಎಲ್ಲರನ್ನೂ 'ರಿ' ಹಚ್ಚಿಯೇ ಬೈಯುತ್ತಿದ್ದರು. ಕೇಳಿದ ಜನ ಅದೇ ಹೆಚ್ಚು ಉರಿಯುತ್ತದೆ ಎಂದರು.

ಮೊದಲ ಕಾರ್ಯಕ್ರಮ ಹರಪನಹಳ್ಳಿಯಲ್ಲಿ. ಬ್ಯಾಂಡ್ ಎಂದು ಕೇಳಿದ ಮದುವೆ ಮನೆಯವರು ಮೆರವಣಿಗೆಗೆ ತುತ್ತೂರಿ ಊದುವವರೆಂದು ತಿಳಿದು ಕರೆಸಿಬಿಟ್ಟಿದ್ದರು. ಇವರು ರಸ್ತೆಯ ಗುಂಡಿಗಳ ಹಾಡು ಶುರುಮಾಡಿದ ಹೊತ್ತಿಗೇ ಮದುಮಗನ ಕಾರು ಗುಂಡಿಗೆ ಇಳಿದು ಕೂತಿತು. ನೂಕುವವರಿಗೆ ಡೊಳ್ಳಿನ ಪೆಟ್ಟು ಅನುಕೂಲವಾಯಿತಂತೆ. ಹಡಗಲಿಯಲ್ಲಿ ಹಾಡು ಮೆಚ್ಚಿದ ಹೂವಿನವರು ಚೀಲ ತುಂಬ ಮಲ್ಲಿಗೆ ಕೊಟ್ಟರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅಡುಗೆಮನೆಯಲ್ಲಿಟ್ಟೆ, ಮಾರನೆಯ ದಿನದ ಬೇಳೆಸಾರು ದೇವರಮನೆಯಂತೆ ಘಮಘಮಿಸಿತು. ಹಗರಿಬೊಮ್ಮನಹಳ್ಳಿಯ ಸ್ಟೇಷನ್ನಿನ ಹೊರಗೆ ಒಬ್ಬ ಪೊಲೀಸಪ್ಪ ಬಂದು ಲಾಠಿ ತೋರಿಸಿ ನಿಲ್ಲಿಸಿದ. ಆಮೇಲೆ ಕಂಡಕ್ಟರನನ್ನು ಪಕ್ಕಕ್ಕೆ ಕರೆದು, "ನಮ್ಮ ಓಣ್ಯಾಗ ದೀಪ ಇಲ್ಲ, ಒಂದು ನುಡಿ ಹಾಕ್ರಿ. ನಾ ಹೇಳೀನಿ ಅನಬ್ಯಾಡ್ರಿ" ಎಂದನಂತೆ.

ಆದರೆ ಊರೂರಿಗೂ ಬಾಯಿಪಾಠವಾದದ್ದು ಟ್ಯಾಂಕಿಯ ಹಾಡೇ.

ಟ್ಯಾಂಕಿ ಕಟ್ಯಾನ ಬೀಗ, ಬಣ್ಣ ಬಳದಾನ
ಬೆಳ್ಳಿ ಕತ್ತರಿ ಹಿಡದು ರಿಬ್ಬನ್ ಕತ್ತರಿಸ್ಯಾನ
ನೀರು ಎಲ್ಲೈತ್ರಿ ಅಂದ್ರ ನಮ್ಮ ಬೀಗ
ಮುಗಿಲಿಗೆ ಬಟ್ಟು ಮಾಡಿ ಕೈ ತೊಳದಾನ

ಅತ್ತೆಯ ಹಳೆಯ ಧಾಟಿಯಲ್ಲಿ 'ಬೀಗ' ಎಂಬ ಮಾತು ಇತ್ತು, ಇವರು ತೆಗೆಯಲಿಲ್ಲ. ಕೊಟ್ಟೂರಿನ ಸಂತೆಯಲ್ಲಿ ಜನ ಮುಖಂಡರನ್ನು ಕಂಡು "ಬೀಗ್ರು ಬಂದ್ರು" ಎನ್ನತೊಡಗಿದರು. "ನಾನ್ಯಾವನಿಗೆ ಬೀಗ?" ಎಂದು ಅವರು ಕೂಗಾಡಿದರಂತೆ.

ಅದಾದ ವಾರದಲ್ಲೇ ಅವರ ಮಗಳು ಮೈದುನನ ಅಂಗಡಿಗೆ ಬಂದಳು. ಕಾಲೇಜು ಮುಗಿಸಿದ, ಮೆತ್ತಗೆ ಮಾತಾಡುವ ಹುಡುಗಿ. ಫೋನು ರಿಪೇರಿಗೆ ಬಂದವಳಲ್ಲ. ತಂದೆಯ ಪರವಾಗಿ ಜಗಳಕ್ಕೂ ಬಂದಿರಲಿಲ್ಲ. "ಹಾಡಿನ್ಯಾಗ ಒಂದು ತಪ್ಪೈತ್ರಿ. ಅದು ಬೆಳ್ಳಿ ಕತ್ತರಿ ಅಲ್ಲ. ನಮ್ಮವ್ವ ಕುಬಸ ಕತ್ತರಿಸೋ ಕತ್ತರಿ. ಅವತ್ತು ಒಯ್ದಾಗಿಂದ ಮೊಂಡ ಆಗೈತಿ" ಎಂದಳಂತೆ. ಮೈದುನ ತಿದ್ದಿ ಹಾಡಲು ಹೋದ. ಅವಳೇ ಬೇಡ ಎಂದಳು. ಕತ್ತರಿಯ ವಿಷಯ ಮನೆಯವರಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಹಾಡಿದ್ದರೆ ಅವಳು ಸಿಕ್ಕಿಬೀಳುತ್ತಿದ್ದಳು. ಹೀಗೆ ತಪ್ಪು ಹಾಡಿಕೊಂಡೇ ಅವರಿಬ್ಬರಿಗೆ ಪ್ರೀತಿ ಬೆಳೆಯಿತು.

ಬೀಗರು ಬರುವ ಆ ಸಂಜೆಗೆಂದು ಗಿಟಾರನ್ನು ಹಳೆಯ ಚಾದರದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆವು. ಡೊಳ್ಳು ಅಟ್ಟಕ್ಕೆ ಹತ್ತಲಿಲ್ಲ. ಮಂಚದ ಕೆಳಗೆ ತಳ್ಳಿ, ಮೇಲೆ ನನ್ನ ಕಸೂತಿಯ ಹಾಸನ್ನು ನೆಲಕ್ಕೆ ತಾಗುವಂತೆ ಇಳಿಬಿಟ್ಟೆ. ಡೊಳ್ಳಿನ ಗೆಳೆಯ ಹೊರಗೆ ನಿಂತು, ಆಸ್ಪತ್ರೆಯಲ್ಲಿ ಯಾರನ್ನೋ ಬಿಟ್ಟು ಬಂದವನ ಹಾಗೆ ಕಿಟಕಿಯಿಂದ ಇಣುಕುತ್ತಿದ್ದ.

ಮುಖಂಡರು, ಅವರ ಅಕ್ಕ, ಹೆಂಡತಿ, ಇಬ್ಬರು ಹಿರಿಯರು ಬಂದರು. ಮುಖಂಡರಿಗೆಂದು ಹೊಸ ಟವೆಲ್ ಹಾಸಿದ ಕುರ್ಚಿ ಇಟ್ಟಿದ್ದೆ. ಅವರು "ನಂಗ ಸೊಂಟ ನೋವು ಐತ್ರಿ" ಎಂದು ನೇರ ಮಂಚದ ಮೇಲೆ ಕೂತರು. ಅವರಿಗೆ ಕೂತಲ್ಲಿ ಕಾಲು ಅಲ್ಲಾಡಿಸುವ ಅಭ್ಯಾಸ.

ಢಂ.

ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು.

"ಏನದು?" ಎಂದರು ಮುಖಂಡರು.

"ಬೆಕ್ಕು," ಎಂದರು ನನ್ನ ಗಂಡ. ಮದುವೆಯಾದಾಗಿನಿಂದ ಅವರು ಇಷ್ಟು ಬೇಗ ಉತ್ತರ ಕೊಟ್ಟದ್ದು ಅದೇ ಮೊದಲು.

ಢಂ.

"ಭಾರಿ ಬೆಕ್ಕು ಐತಲ್ರಿ."

"ಹಾಲು ಚಲೋ ಸಿಗ್ತೈತ್ರಿ ಇಲ್ಲೆ," ಎಂದೆ ನಾನು. ಕಾನ್ವೆಂಟಿನಲ್ಲಿ ಸುಳ್ಳು ಹೇಳಲು ಕಲಿಸಿರಲಿಲ್ಲ, ಆದರೆ ಅತಿಥಿಗಳ ಮುಜುಗರ ತಪ್ಪಿಸಲು ಕಲಿಸಿದ್ದರು.

ಹಿರಿಯರು ಎಲೆ-ಅಡಿಕೆ ಬದಲಾಯಿಸಿದರು. ಮೈದುನ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಆಗ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಅವರು ಬಾಯಿ ಒರೆಸಿಕೊಂಡರೆ ಏನೋ ಹೊರಡಲಿದೆ ಎಂದು ನನಗೆ ಗೊತ್ತು.

"ಈಗ ಬೀಗರಾದ್ರಿ, ಹೌದಲ್ರಿ?"

"ಆದಿವಿ ತಾಯಿ," ಎಂದರು ಮುಖಂಡರು.

"ಬೀಗರ ಹಾಡು ಹಾಡದ ಕಳಿಸಿದ್ರ ನಿಮಗ ಅವಮಾನ ಮಾಡಿದಂಗ ಆಗ್ತೈತಿ."

"ಯವ್ವಾ, ಬ್ಯಾಡ. ನಾ ಮಾತು ಕೊಟ್ಟೀನಿ," ಎಂದ ಮೈದುನ.

"ನೀ ಕೊಟ್ಟಿದ್ದು ನಿನ್ನ ಬ್ಯಾಂಡಿನ ಮಾತಪ್ಪ. ಬೀಗರ ಹಾಡು ಹೆಣ್ಮಕ್ಕಳದು. ಅದನ್ನ ಮಾತಿನ್ಯಾಗ ಕೊಟ್ಟು ತಗೊಳ್ಳಾಕ ನೀವಿಬ್ಬರೂ ಯಾರು?"

ಮುಖಂಡರು ಬಾಯಿ ತೆರೆಯುವ ಮೊದಲೇ ಅವರ ಅಕ್ಕ ಕಾಲು ಮಡಚಿ ನೆಲಕ್ಕೆ ಇಳಿದು ಕೂತರು. "ಖರೇ ಐತಿ. ಮೊದಲು ನಮ್ಮದು" ಎಂದು ಎತ್ತಿಯೇಬಿಟ್ಟರು.

ಬೀಗರ ಹುಡುಗನ ಕೂದಲ ನೋಡ್ರಿ, ಹುಣಸಿ ಗಿಡದ ಗೂಡ
ತಂತಿ ಎಳದು ಬಟ್ಟು ಸವದಾವ, ಉಂಗುರ ನಿಲ್ಲೋದಿಲ್ಲ ನೋಡ

ಮುಖಂಡರ ಕಾಲು ಅವರಿಗೆ ತಿಳಿಯದೆಯೇ ತಾಳಕ್ಕೆ ಬಿದ್ದಿತ್ತು. ಢಂ, ಢಂ. ಈಗ ನಮ್ಮ ಸರದಿ. ಉತ್ತರ ಕೊಡದಿದ್ದರೆ ನಾವು ಸೋತಂತೆ. ಕೊಟ್ಟರೆ ಮದುವೆ ಮುರಿಯಬಹುದು. ಅತ್ತೆ ಮೈದುನನ ಕಡೆ ನೋಡಲೇ ಇಲ್ಲ. ಟ್ಯಾಂಕಿ ಕಟ್ಯಾನ ಬೀಗ, ಎಂದು ಶುರುಮಾಡಿದರು. ವಯಸ್ಸಾದ ಗಂಟಲು ಎರಡನೇ ಸಾಲಿಗೆ ನಡುಗಿತು. ಅದರ ಕೆಳಗೆ ನನ್ನ ದನಿ ತಾನಾಗಿಯೇ ಹೋಗಿ ಹಾಸಿಕೊಂಡಿತು. ನೋಡಿದರೆ ನನ್ನ ಬಾಯಿ ಮೊಟ್ಟೆಯ ಆಕಾರದಲ್ಲಿತ್ತು.

ಬೆಳ್ಳಿ ಕತ್ತರಿ ಹಿಡದು, ಎನ್ನುವಷ್ಟರಲ್ಲಿ ಮುಖಂಡರ ಹೆಂಡತಿ ಕೈ ಎತ್ತಿದರು. ಬಂದಾಗಿನಿಂದ ಒಂದು ಮಾತೂ ಆಡದೆ ತಲೆ ತಗ್ಗಿಸಿ ಕೂತಿದ್ದವರು. ಎಲ್ಲ ಮುಗಿಯಿತು ಅಂದುಕೊಂಡೆ. ಅವರು ಅದೇ ಧಾಟಿಯಲ್ಲಿ, ತಲೆ ಎತ್ತದೆಯೇ ಹಾಡಿದರು.

ಬೆಳ್ಳಿ ಕತ್ತರಿ ಅಲ್ರಿ ಬೀಗತಿ, ನನ್ನ ಕುಬಸದ ಕತ್ತರಿ
ರಿಬ್ಬನ್ ಕಡದು ಮೊಂಡ ಆಗೈತಿ, ಹೊಸಾದು ಯಾರು ಕೊಡ್ತಾರ್ರಿ

ಮೊದಲು ನಕ್ಕದ್ದು ಅವರ ಕಡೆಯ ಹಿರಿಯರೇ. ಆಮೇಲೆ ಕಿಟಕಿಯ ಹೊರಗಿನ ಡೊಳ್ಳಿನವನು. ಆಮೇಲೆ ಎಲ್ಲರೂ ಮುಖಂಡರ ಕಾಲು ನೋಡಿದೆವು. ಅದು ಗಾಳಿಯಲ್ಲಿ ನಿಂತಿತ್ತು. ಅದು ನೆಲಕ್ಕೆ ಇಳಿದರೆ ಅವರು ಎದ್ದು ಹೊರಟಂತೆ. ಮೈದುನ ಕಣ್ಣು ಮುಚ್ಚಿಕೊಂಡಿದ್ದ. ಮುಖಂಡರು ಹೆಂಡತಿಯನ್ನು ನೋಡಿದರು, ಎಲೆ-ಅಡಿಕೆಯ ತಟ್ಟೆ ನೋಡಿದರು, ತಮ್ಮ ಅಕ್ಕನನ್ನು ನೋಡಿದರು. ಸಿಟ್ಟಾದರೆ ಇಷ್ಟು ಜನರ ಮುಂದೆ ಸೋತಂತೆ. ಅವರು ಚುನಾವಣೆಯಲ್ಲಿ ಸೋಲುವುದನ್ನು ಹೇಗೋ ಸಹಿಸಿದವರು, ಆದರೆ ಬೀಗರ ಮನೆಯಲ್ಲಿ?

ಢಂ.

"ಅದು ಬೆಕ್ಕಲ್ಲ ಬಿಡ್ರಿ," ಎಂದರು. "ಹೊರಗ ತಗೀರಿ ಅದನ್ನ. ಸೊಂಟ ನೋವಿನ ಮನಷ್ಯಾ, ಎಷ್ಟೊತ್ತು ಹಿಮ್ಮಡೀಲೆ ಬಾರಸ್ಲಿ?"

ಅವರ ಹೆಂಡತಿ ಚೀಲದಿಂದ ಹಸಿರು ಕಣವೊಂದನ್ನು ತೆಗೆದು ಅತ್ತೆಯ ಉಡಿಗೆ ಹಾಕಿದರು. ಅದಕ್ಕೆ ಮೊದಲೇ ಅರಿಷಿಣ ಹಚ್ಚಿ ಮಡಚಿಟ್ಟಿದ್ದನ್ನು ನಾನು ಗಮನಿಸಿದೆ. ಮನೆಯಿಂದಲೇ ತಯಾರಾಗಿ ಬಂದಿದ್ದರು.

ಹೊರಡುವಾಗ ಮುಖಂಡರು ಮೈದುನನ ಹೆಗಲ ಮೇಲೆ ಕೈ ಇಟ್ಟರು. "ಕರಾರು ಹೆಂಗೂ ಹೋತು. ಮದವ್ಯಾಗ ಹಾಡ್ರಿ. ಆದ್ರ ಆಚಿ ಓಣಿ ಮುಖಂಡಂದೂ ಒಂದು ನುಡಿ ಇರ್ಲಿ. ನಾ ಒಬ್ಬನ ಕೆಟ್ಟಾಂವ ಅಂತ ಆಗಬಾರ್ದು."

"ನೀರು ಯಾವಾಗ ಬರ್ತೈತ್ರಿ ಮಾಂವ?" ಎಂದ ಮೈದುನ.

"ಬಣ್ಣ ಒಣಗ್ಲಿ," ಎಂದು ಅವರು ಗಾಡಿ ಹತ್ತಿದರು.

ಊಟಕ್ಕೆ ಕೂತ ಮೈದುನ ಮೊದಲ ತುತ್ತಿಗೇ ಮುಖ ಸಿಂಡರಿಸಿ, "ಅತ್ತಿಗಿ, ಏನ್ರಿ ಇದು, ಸಾರಿಗೆ ಉಪ್ಪ ಇಲ್ಲ" ಎಂದ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಎದ್ದು ಹೋಗಿ ಉಪ್ಪು ತರುವುದು ಮರೆತೆ.

ಖಾಲಿ ಕೊಡಗಳನ್ನು ಬೆಳಗಿಗೆಂದು ಗೇಟಿನ ಹೊರಗೆ ಇಡುತ್ತಿದ್ದಾಗ ಎದುರುಮನೆ ಅಕ್ಕ ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ಹಾಡು ಇಲ್ಲೀತನಕ ಕೇಳಸ್ತವ್ವ. ಹೆಂಗೂ ಬೀಗ್ರಾದ್ರಲ್ಲ, ಮದವ್ಯಾಗ ನಮ್ಮ ಗಟಾರದ್ದೂ ಒಂದು ನುಡಿ ಸೇರಿಸಾಕ ಹೇಳು."