ಅಣ್ಣನ ದನಿ ಇದ್ದ ಕಂಪ್ಯೂಟರು

ನಮ್ಮಣ್ಣ ಮಳವಳ್ಳಿಯಿಂದ ಮದ್ದೂರಿಗೆ ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರುಗಳ ಹೆಸರು ಕೂಗಿದರೆ ಆಚೆ ಬೀದಿಯಲ್ಲಿ ತರಕಾರಿ ಕೊಳ್ಳುತ್ತಿದ್ದವರೂ ಚೀಲ ಎತ್ತಿಕೊಂಡು ಓಡಿಬರುತ್ತಿದ್ದರು. ಅವನ ಗಂಟಲಿನಲ್ಲಿ ಗಂಟು ಎದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ ದಿನ ಅತ್ತಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಣ್ಣ ಅವರ ಪಕ್ಕ ಕೂತು, ಜೀವ ಉಳಿದರೆ ಸಾಕು ಬುಡು, ಮಾತೇನು ಮಹಾ ಎಂದ. ಹಾಗೆನ್ನುವಾಗ ಅವನಿಗೆ ಇನ್ನೂ ದನಿ ಇತ್ತು.

ಮದ್ದೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಗೆಳತಿ ಒಂದು ದಾರಿ ಹೇಳಿದಳು. ಆಪರೇಷನ್ನಿಗೆ ಮುಂಚೆ ಅವನ ಮಾತುಗಳನ್ನು ಫೋನಿನಲ್ಲಿ ಹಿಡಿದಿಡಿ, ಮಿಕ್ಕಿದ್ದು ನಾನು ಮಾಡಿಕೊಡುತ್ತೇನೆ ಅಂದಳು. ಹಿಂದಿನ ಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಅಣ್ಣ ಮಾತಾಡಿದ. 'ಇನ್ನೊಂಚೂರು ಸಾರು ಬುಡು', 'ಉಂಡ್ಯಾ?', 'ಬಿಸ್ಲು ಓಗ್ಲಿ, ಆಮೇಲೆ ಓಯ್ತೀನಿ' ಎನ್ನುವಂಥವು. ಯಾರ ಮೇಲಾದರೂ ರೇಗುವುದಕ್ಕೂ ಕೆಲವು ಬೇಕಲ್ಲ ಎಂದು ತಾನೇ ನೆನಪಿಸಿಕೊಂಡು ನಾಲ್ಕಾರು ಬೈಗುಳವನ್ನೂ ಸೇರಿಸಿದ. ಗೆಳತಿ ಅದನ್ನೆಲ್ಲ ಒಂದೇ ಪ್ರೋಗ್ರಾಮಿನ ಒಳಗೆ ಅಡಕಮಾಡಿ, ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟಳು. ಪರದೆಯ ಮೇಲೆ ದೊಡ್ಡ ಅಕ್ಷರದ ಚೌಕಗಳು. ಒಂದನ್ನು ಒತ್ತಿದರೆ ಅಣ್ಣನ ಮಾತು ಅಣ್ಣನ ದನಿಯಲ್ಲೇ ಬರುತ್ತಿತ್ತು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅವನು ನಡುಮನೆಯಲ್ಲಿ ಕಂಪ್ಯೂಟರ್ ಇಟ್ಟಿದ್ದ ಮೇಜಿನ ಮುಂದೆಯೇ ಹೆಚ್ಚು ಹೊತ್ತು ಕೂರುತ್ತಿದ್ದ. ಅತ್ತಿಗೆ ಅಡುಗೆಮನೆಯಿಂದ ಉತ್ತರ ಕೊಡುತ್ತಿದ್ದರು. ಹೊರಗಿನಿಂದ ಕೇಳಿದವರಿಗೆ ಗಂಡ ಹೆಂಡತಿ ಎಂದಿನಂತೆ ಜಗಳವಾಡುತ್ತಿದ್ದಾರೆ ಅನ್ನಿಸಬೇಕು, ಹಾಗೆ.

ಇದಾಗಿ ಒಂದು ಮಳೆಗಾಲ ಕಳೆದಿತ್ತು. ಚಿಕ್ಕರಸಿನಕೆರೆಯಲ್ಲಿರುವ ಅತ್ತಿಗೆಯ ದೊಡ್ಡಮ್ಮನ ಮಗಳ ಮನೆಯಲ್ಲಿ ಕಂಪ್ಯೂಟರಿಗೆ ಏನೋ ವೈರಸ್ಸು ಹೊಕ್ಕು, ಅದರಲ್ಲಿದ್ದ ಮದುವೆಯ ಫೋಟೋಗಳೆಲ್ಲ ತೆರೆಯಲು ಬಾರದಂತಾದವು ಎಂದು ಸುದ್ದಿ ಬಂತು. ಅವತ್ತಿನಿಂದ ಅತ್ತಿಗೆಗೆ ನೆಮ್ಮದಿಯಿಲ್ಲ, ನನಗೂ ಇಲ್ಲ. ನಮ್ಮ ಕಂಪ್ಯೂಟರಿನಲ್ಲಿ ಮಂಡ್ಯದ ಅಂಗಡಿಯವರು ಹಾಕಿಕೊಟ್ಟ ಆಂಟಿವೈರಸ್ ಒಂದು ಇತ್ತು. ಒಂದು ಬೀಗಕ್ಕಿಂತ ಎರಡು ಬೀಗ ಭದ್ರವಲ್ಲವೇ ಎಂದುಕೊಂಡು, ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಕೂತು ಇನ್ನೊಂದನ್ನು ಇಳಿಸಿಕೊಂಡೆವು.

ತಿಂಡಿ ತಿಂದು ಬರುವಷ್ಟರಲ್ಲಿ ಕಂಪ್ಯೂಟರಿನ ಫ್ಯಾನು ಜೋರಾಗಿ ಸದ್ದು ಮಾಡುತ್ತಿತ್ತು. ಪರದೆಯ ಮೇಲಿನ ಬಾಣ ಒಂದು ಕಡೆ ಸಿಕ್ಕಿಕೊಂಡಿತ್ತು. ಮೌಸ್ ಆಡಿಸಿದರೆ ಬಹಳ ಹೊತ್ತಿನ ಮೇಲೆ ಜಿಗಿಯುತ್ತಿತ್ತು. ಪರದೆಯ ಮೂಲೆಯಲ್ಲಿ ಒಂದು ಕೆಂಪು ಪೆಟ್ಟಿಗೆ ತೆರೆದುಕೊಂಡಿತು, ಅಪಾಯಕಾರಿ ವಸ್ತು ಸಿಕ್ಕಿದೆ ಎಂದು. ಅದರ ಮೇಲೆ ಹಳೆಯ ಆಂಟಿವೈರಸ್ಸಿನ ಪೆಟ್ಟಿಗೆ, ಅದೂ ಅದೇ ಮಾತು ಹೇಳುತ್ತಿತ್ತು. ನಾನು ಓದಿ ಮುಗಿಸುವ ಮೊದಲೇ ಎರಡೂ ಮುಚ್ಚಿಕೊಂಡವು. ಅಣ್ಣ ಬಂದು ಕೂತು, ಕಾಫಿ ಕೇಳುವ ಚೌಕ ಒತ್ತಿದ. ಸದ್ದು ಬರಲಿಲ್ಲ. ಮತ್ತೆ ಒತ್ತಿದ. ಚೌಕಗಳೆಲ್ಲ ಒಮ್ಮೆ ಬಿಳಿಚಿಕೊಂಡು, ಇಡೀ ಪ್ರೋಗ್ರಾಮೇ ಪರದೆಯಿಂದ ಮಾಯವಾಯಿತು. ಅದನ್ನು ತೆರೆಯುವ ಗುರುತನ್ನು ಒತ್ತಿದರೆ, ಅಂಥ ಫೈಲು ಇಲ್ಲ ಎಂದಿತು.

ಅಣ್ಣ ನನ್ನ ಕಡೆ ತಿರುಗಿ ಬಾಯಿ ಆಡಿಸಿದ. ತುಟಿಗಳು ಅಲುಗಿದವು, ಆಪರೇಷನ್ನಿನಲ್ಲಿ ಉಸಿರಾಟಕ್ಕೆಂದು ಕತ್ತಿನಲ್ಲಿ ಮಾಡಿದ್ದ ತೂತಿನಿಂದ ಬರೀ ಗಾಳಿ ಬಂತು. ಮಾತು ಹೋದ ಮೇಲೆ ಅವನು ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗೆಳತಿಗೆ ಫೋನು ಮಾಡಿದೆ. ಏನನ್ನೂ ಒತ್ತಬೇಡ, ಯಾವ ಪೆಟ್ಟಿಗೆ ಬಂದರೂ 'ತೆಗೆದುಹಾಕು' ಅಂತ ಮಾತ್ರ ಒತ್ತಬೇಡ, ಇಂಟರ್ನೆಟ್ಟಿನ ವಯರು ಕೀಳು ಎಂದಳು. ಕಿತ್ತೆ. ಆಮೇಲೆ, ನಿನ್ನ ಹತ್ತಿರ ಇನ್ನೊಂದು ಪ್ರತಿ ಇರಬೇಕಲ್ಲ ಎಂದು ಕೇಳಿದೆ.

"ಇಲ್ಲ ಕಣೇ," ಎಂದಳು. "ಕಾಲೇಜಿನ ಕಂಪ್ಯೂಟರು ಬದಲಾಯಿಸಿದಾಗ ಹೋಯ್ತು. ನಿನ್ನ ಫೋನಲ್ಲಿ ಇರುತ್ತೆ ಅಂದ್ಕೊಂಡಿದ್ದೆ."

ಆ ಫೋನು ಹಂಡೆಯ ನೀರಿಗೆ ಬಿದ್ದು ಕೆಟ್ಟು, ಎಸೆದು ಎಷ್ಟೋ ಕಾಲವಾಗಿತ್ತು. ಅಣ್ಣನ ದನಿ ಈ ಲೋಕದಲ್ಲಿ ಇದ್ದರೆ ಆ ಮೇಜಿನ ಮೇಲಿನ ಡಬ್ಬಿಯಲ್ಲಿ ಮಾತ್ರ ಎಂದು ನನಗೆ ಹೊಳೆದದ್ದು ಆಗ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಅವಳು ಬತ್ತಾಳಂತೆ, ಏನೂ ಆಗಲ್ಲವಂತೆ ಎಂದೆ. ಅವನು ನಂಬಲಿಲ್ಲ.

ಅವಳು ಬಸ್ಸು ಹಿಡಿದು ಬರುವವರೆಗೆ ನಾವು ಮೂವರೂ ಆ ಪರದೆಯ ಮುಂದೆ ಕೂತೆವು. ಎರಡು ಆಂಟಿವೈರಸ್ಸೂ ಫೈಲುಗಳನ್ನು ಒಂದೊಂದಾಗಿ ತಡಕುತ್ತ ಹೋಗುತ್ತಿದ್ದವು. ಪ್ರತಿ ಸಲ ಕೆಂಪು ಕಂಡಾಗ ಅತ್ತಿಗೆ ನನ್ನ ತೋಳು ಹಿಡಿಯುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಕೀ ಕೀ ಎಂದು ಕೂಗಲು ಶುರುಮಾಡಿತು. ಅದರ ಬ್ಯಾಟರಿ ಹಳೆಯದು, ಎಷ್ಟು ಹೊತ್ತು ತಡೆಯುತ್ತದೋ ಗೊತ್ತಿಲ್ಲ. ಆರಿಸಿದರೆ ಉಳಿದಿರುವುದೂ ಅಳಿಸಿಹೋದರೆ? ಬಿಟ್ಟರೆ ಕೆಲಸದ ನಡುವೆ ತಾನೇ ನಿಂತು ಡಿಸ್ಕೇ ಕೆಟ್ಟರೆ? ಗೆಳತಿಗೆ ಫೋನು ಹತ್ತಲಿಲ್ಲ, ಬಸ್ಸಿನಲ್ಲಿ ಸಿಗ್ನಲ್ ಇರಲಿಲ್ಲವೋ ಏನೋ.

"ನಂಗೆ ಎದೆ ವಡ್ಕೋತದೆ ಕಣವ್ವ," ಅತ್ತಿಗೆ ಅಂದರು. "ಎರಡ್ನೆ ಸಲ ಅವ್ರ ದನಿ ಓಗೋದ ನಾ ನೋಡಕಾಗಕಿಲ್ಲ."

ಅಣ್ಣ ಎದ್ದ. ನನ್ನನ್ನು ಪಕ್ಕಕ್ಕೆ ಸರಿಸಿ, ಮೌಸ್ ಹಿಡಿದು, ಸಿಕ್ಕಿಕೊಳ್ಳುತ್ತಿದ್ದ ಬಾಣವನ್ನು ನಿಧಾನವಾಗಿ ಎಳೆದು ತಾನೇ ಕಂಪ್ಯೂಟರನ್ನು ಆರಿಸಿದ. ಪರದೆ ಕಪ್ಪಾದ ಮೇಲೂ ಅವನ ಕೈ ಮೌಸಿನ ಮೇಲೇ ಇತ್ತು.

ಗೆಳತಿ ಬಂದಾಗ ಮಧ್ಯಾಹ್ನವಾಗಿತ್ತು. ಕರೆಂಟು ಬರುವವರೆಗೆ ಮತ್ತೆ ಕಾದೆವು. ಯಾರೂ ಉಣ್ಣಲಿಲ್ಲ. ಕಾಯುತ್ತ ಅವಳು ನಡೆದಿರಬಹುದಾದ್ದನ್ನು ವಿವರಿಸಿದಳು. ಆಂಟಿವೈರಸ್ಸು ಎಲ್ಲ ಫೈಲಿನ ಒಳಕ್ಕೂ ಕೈಹಾಕಿ ನೋಡುತ್ತದೆ. ಎರಡಿದ್ದರೆ ಒಂದು ಹಿಡಿದದ್ದನ್ನು ಇನ್ನೊಂದು ಎಳೆಯುತ್ತದೆ, ಒಂದನ್ನೊಂದು ಕಳ್ಳ ಎಂದುಕೊಳ್ಳುತ್ತವೆ. ಅಣ್ಣನ ಪ್ರೋಗ್ರಾಮು ಮನೆಯಲ್ಲಿ ಮಾಡಿದ್ದು, ಅದಕ್ಕೆ ಯಾವ ಕಂಪನಿಯ ಗುರುತೂ ಇಲ್ಲ. ಹೊಸದು ಅದನ್ನು ತಡಕಿದಾಗ, ಇಷ್ಟು ದಿನ ಸುಮ್ಮನೆ ಬಿಟ್ಟಿದ್ದ ಹಳೆಯದಕ್ಕೂ ಅನುಮಾನ ಬಂದು, ಎರಡರಲ್ಲೊಂದು ಎತ್ತಿಕೊಂಡಿರಬೇಕು. ಎತ್ತಿಕೊಂಡದ್ದನ್ನು ಅವು ತಕ್ಷಣ ಅಳಿಸುವುದಿಲ್ಲ, ಕ್ವಾರಂಟೈನಿನಲ್ಲಿ ಕೂಡಿಹಾಕುತ್ತವೆ ಎಂದಳು. ಕೊರೋನಾ ಕಾಲದ ಆ ಮಾತು ಅತ್ತಿಗೆಗೂ ತಿಳಿಯಿತು. ಹಂಗಾರೆ ಒಂದನ್ನ ತಗ್ದಾಕು ಎಂದರು.

"ಅದೇ ಹೆದರಿಕೆ ಅಕ್ಕ," ಎಂದಳು ಗೆಳತಿ. "ಯಾವುದು ಕೂಡಿಹಾಕಿದೆಯೋ ಅದನ್ನೇ ತೆಗೆದುಬಿಟ್ಟರೆ, ದನಿನೂ ಅದರ ಜೊತೆಗೇ ಹೋಗುತ್ತೆ."

ಕರೆಂಟು ಬಂದ ಮೇಲೆ ಅವಳು ಕಂಪ್ಯೂಟರನ್ನು ಸೇಫ್ ಮೋಡ್ ಎನ್ನುವುದರಲ್ಲಿ ಹಚ್ಚಿದಳು. ಎರಡು ಆಂಟಿವೈರಸ್ಸೂ ಏಳದೆ ಮಲಗಿರುತ್ತವಂತೆ. ಮೊದಲು ಹೊಸದು ಫೈಲು ಕೂಡಿಹಾಕುವ ಗೂಡು ಹುಡುಕಿದಳು. ಅದರೊಳಗೆ ಅರ್ಥವಾಗದ ಹೆಸರಿನ ಫೈಲುಗಳಿದ್ದವು, ಅಣ್ಣನ ಪ್ರೋಗ್ರಾಮಿನಷ್ಟು ದೊಡ್ಡದು ಯಾವುದೂ ಇರಲಿಲ್ಲ. ಹಳೆಯದರ ಗೂಡಿನಲ್ಲಿ ಒಂದು ಭಾರಿ ಫೈಲು ಇತ್ತು. ಗಾತ್ರ ನೋಡಿದರೆ ಇದೇ ಇರಬೇಕು, ಆದರೆ ಬೀಗ ಹಾಕಿದೆ, ಒಳಗೆ ಏನಿದೆ ಎಂದು ಕಾಣುವುದಿಲ್ಲ ಎಂದಳು. ಹೊಸದನ್ನು ತೆಗೆಯಲೇ ಎಂದು ನನ್ನನ್ನು ಕೇಳಿದಳು. ನಾನು ಅಣ್ಣನನ್ನು ನೋಡಿದೆ. ಅವನು ಕಣ್ಣು ಮುಚ್ಚಿಕೊಂಡು ಹೂಂ ಎನ್ನುವಂತೆ ತಲೆ ಆಡಿಸಿದ.

ಹೊಸದು ಹೋಯಿತು. ಕಂಪ್ಯೂಟರು ಆರಿ, ಮಾಮೂಲಿನಂತೆ ಹತ್ತಿಕೊಂಡಿತು. ಗೆಳತಿ ಹಳೆಯದನ್ನು ತೆರೆದು, ಕೂಡಿಹಾಕಿದ ಫೈಲನ್ನು ವಾಪಸ್ಸು ಕೊಡು ಎಂದು ಒತ್ತಿದಳು. ಮೊದಲ ಸಲ ಆಗುವುದಿಲ್ಲ ಎಂದಿತು. ಅತ್ತಿಗೆ ಎದ್ದು ಹಿತ್ತಲಿಗೆ ಹೋಗಿಬಿಟ್ಟರು. ಗೆಳತಿ ತುಟಿ ಕಚ್ಚಿಕೊಂಡು ಏನನ್ನೋ ಬದಲಾಯಿಸಿ, ಈ ಪ್ರೋಗ್ರಾಮನ್ನು ಇನ್ನು ಮುಟ್ಟಬೇಡ ಎಂದು ಅದಕ್ಕೆ ತಿಳಿಸಿ, ಮತ್ತೆ ಒತ್ತಿದಳು. ಚೌಕಗಳು ಪರದೆ ತುಂಬ ಬಂದವು. ಆದರೂ ಒತ್ತಿ ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅಣ್ಣನೇ ಒತ್ತಿದ.

"ಎಲ್ಲಿಗೆ ಓದೆ ಅಮ್ಮಿ, ಬಾ ಇಲ್ಲಿ."

ಅತ್ತಿಗೆ ಒದ್ದೆ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತರು. ಬಂದೆ ಎಂದರು, ಅಷ್ಟೇ. ಆಮೇಲೆ ಗೋಡೆ ಹಿಡಿದುಕೊಂಡು ಅತ್ತರು.

ಗೆಳತಿ ಅವತ್ತೇ ಆ ಪ್ರೋಗ್ರಾಮಿನ ಪ್ರತಿಗಳನ್ನು ಪೆನ್‌ಡ್ರೈವುಗಳಿಗೆ ಇಳಿಸಿದಳು. ಒಂದು ಅವಳ ಮನೆಯಲ್ಲಿದೆ, ಒಂದು ಪೂರಿಗಾಲಿಯ ನಮ್ಮ ಚಿಕ್ಕಪ್ಪನ ಮನೆಯಲ್ಲಿ, ಒಂದು ಅತ್ತಿಗೆಯ ಬೀರುವಿನಲ್ಲಿ. ಕಂಪ್ಯೂಟರಿನಲ್ಲಿ ಈಗ ಒಂದೇ ಆಂಟಿವೈರಸ್ಸು. ಎಲ್ಲ ಸರಿಹೋಯಿತು ಅನ್ನಬಹುದು. ಆದರೆ ಅಣ್ಣ ಅದಾದ ಮೇಲೆ ಬಹಳ ದಿನ ಆ ಮೇಜಿನ ಹತ್ತಿರ ಹೋಗಲಿಲ್ಲ. ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದ. ದನಿ ಸವೆದುಹೋಗುತ್ತದೆ ಎಂದು ಹೆದರಿದವನ ಹಾಗೆ. ಸವೆಯುವುದಿಲ್ಲ ಅಣ್ಣ, ಎಷ್ಟು ಸಲ ಒತ್ತಿದರೂ ಹಾಗೇ ಇರುತ್ತದೆ ಎಂದು ನಾನು ಹೇಳಿದರೆ ಸ್ಲೇಟು ಒರೆಸಿ, 'ಗೊತ್ತು' ಎಂದು ಬರೆದ. ಈಗ ಮತ್ತೆ ಕೂರುತ್ತಾನೆ. ಪರದೆಯ ಮೂಲೆಯಲ್ಲಿ ಯಾವುದಾದರೂ ಪೆಟ್ಟಿಗೆ ತೆರೆದುಕೊಂಡರೆ ಮಾತ್ರ ಕೈ ಎತ್ತಿಕೊಂಡು, ಅದು ತಾನಾಗಿ ಮುಚ್ಚಿಕೊಳ್ಳುವವರೆಗೂ ಕಾಯುತ್ತಾನೆ. ಆ ಹೊತ್ತು ಅಡುಗೆಮನೆಯಲ್ಲೂ ಪಾತ್ರೆಯ ಸದ್ದು ನಿಂತಿರುತ್ತದೆ.