ಲವಾನ್ ಪರ್ಟಲ್ ಮತ್ತು ಉರುಳಿದ ಟಪಾಲು ಪೆಟ್ಟಿಗೆಗಳು

ನಮ್ಮ ಹಿಕರಿ ಗ್ಯಾಪ್ ಬ್ಯಾಪ್ಟಿಸ್ಟ್ ಸಭೆಯಲ್ಲಿ ದೇವರು ಒಬ್ಬೊಬ್ಬರಿಗೆ ಒಂದೊಂದು ವರ ಕೊಟ್ಟಿದ್ದಾನೆ. ಕೆಲವರಿಗೆ ಹಾಡುವ ವರ, ಕೆಲವರಿಗೆ ಬೋಧಿಸುವ ವರ, ಸಭೆಯ ಕೆಲಸಕಾರ್ಯ ನೋಡಿಕೊಳ್ಳುವ ನನ್ನಂಥ ಡೀಕನ್‌ಗೆ ಕಾಣಿಕೆ ತಟ್ಟೆ ಹಿಡಿದು ಗಂಭೀರವಾಗಿ ನಡೆಯುವ ವರ. ಲವಾನ್ ಪರ್ಟಲ್ ಅವರಿಗೆ ಸಿಕ್ಕಿದ್ದು ಅನುಮಾನದ ವರ. ಅದಕ್ಕೆ ತುಕ್ಕು ಹಿಡಿಯಲು ಅವರು ಎಂದೂ ಬಿಟ್ಟವರಲ್ಲ.

ಸಭೆಯ ಊಟಕ್ಕೆ ಯಾರಾದರೂ ಹುರಿದ ಕೋಳಿ ತಂದರೆ, ಅದು ಮನೆಯಲ್ಲಿ ಹುರಿದದ್ದೋ ಅಂಗಡಿಯಿಂದ ತಂದು ಮನೆಯ ಪಾತ್ರೆಗೆ ಸುರಿದದ್ದೋ ಎಂದು ಮೂಸಿಯೇ ಹೇಳುತ್ತಿದ್ದರು. ಪಾಸ್ಟರ್ ಡೆಲ್ಬರ್ಟ್ ಅವರ ಉಪದೇಶ ಬೇಗ ಮುಗಿದರೆ ಟಿವಿಯಲ್ಲಿ ಫುಟ್‌ಬಾಲ್ ಇರಬೇಕು ಎನ್ನುತ್ತಿದ್ದರು. ಇರುತ್ತಿತ್ತು. ದುಡಿಯುವ ವಯಸ್ಸಿನಲ್ಲೆಲ್ಲ ಶಾಲೆಯ ಬಸ್ಸು ಓಡಿಸಿದ ಹೆಂಗಸು ಅವರು. ಚಾಲಕರ ತಲೆಯ ಮೇಲಿನ ಅಗಲ ಕನ್ನಡಿಯಲ್ಲಿ ಹಿಂದಿನ ಸೀಟಿನ ತನಕ ನೋಡಿ ನೋಡಿ, ಮನುಷ್ಯಜಾತಿಯ ಬಗ್ಗೆ ತಿಳಿಯಬೇಕಾದದ್ದನ್ನೆಲ್ಲ ತಿಳಿದುಕೊಂಡಿದ್ದರು. ಆ ಕನ್ನಡಿಯಲ್ಲಿ ನನ್ನನ್ನೂ ನೋಡಿದವರಾದ್ದರಿಂದ, ನನ್ನ ತಲೆ ಬೋಳಾದ ಮೇಲೂ ಅವರ ಮಟ್ಟಿಗೆ ನಾನು ಸೀಟಿನ ಕೆಳಗೆ ಕಡಲೆಕಾಯಿ ಸಿಪ್ಪೆ ಬಚ್ಚಿಡುವ ಹುಡುಗನೇ.

ಗಂಡ ತೀರಿಕೊಂಡು, ಶಾಲೆಯ ಕೆಲಸವೂ ಮುಗಿದಾಗ ಅವರು ಸಭೆಯ ವ್ಯಾನಿನ ಬೀಗದಕೈ ಹಿಡಿದರು. ಪ್ರತಿ ಬುಧವಾರ ಸಂಜೆ ಗುಡ್ಡದ ಸಂದುಗಳಲ್ಲಿರುವ ಮನೆಮನೆಗೆ ಹೋಗಿ, ಅಪ್ಪ ಅಮ್ಮಂದಿರು ಕರೆತರದ ಹರೆಯದ ಮಕ್ಕಳನ್ನು ಹತ್ತಿಸಿಕೊಂಡು ಪ್ರಾರ್ಥನಾ ಕೂಟಕ್ಕೆ ತರುವುದು, ಮುಗಿದ ಮೇಲೆ ಮನೆ ಮುಟ್ಟಿಸುವುದು. ಚಿಕ್ಕವರಿಗೆಲ್ಲ ಅವರು ಮಿಸ್ ಲವಾನ್, ನಮ್ಮಂಥ ಸಭೆಯವರಿಗೆ ಸಿಸ್ಟರ್ ಲವಾನ್. ಬೈಯುತ್ತಲೇ ತರುತ್ತಿದ್ದರು, ಬೈಯುತ್ತಲೇ ಮುಟ್ಟಿಸುತ್ತಿದ್ದರು. ಆದರೆ ಹಸಿದು ಬಂದ ಮಗುವಿಗೆ ಕೊಡಲು ಅವರ ಪಕ್ಕದ ಸೀಟಿನಲ್ಲಿ ಬೆಣ್ಣೆ ಸವರಿದ, ನಾವು ಬಿಸ್ಕಿಟ್ ಎನ್ನುವ ಮೆತ್ತನೆಯ ಬ್ರೆಡ್ಡು ಬಟ್ಟೆಯಲ್ಲಿ ಸುತ್ತಿಕೊಂಡು ಬೆಚ್ಚಗಿರುತ್ತಿತ್ತು.

ಹೀಗಿರುವಾಗ ಯುವಜನ ಸೇವೆಗೆಂದು ಕಾರ್ಬಿನ್ ಸ್ಟೈಸ್ ಬಂದ. ಗಡ್ಡ, ಗಿಟಾರು, ಚಳಿಗಾಲದಲ್ಲೂ ಚಪ್ಪಲಿ. ಬುಧವಾರ ವ್ಯಾನಿನಲ್ಲಿ ಲವಾನ್ ಪಕ್ಕ ಕೂರುವ ಕೆಲಸವೂ ಅವನದೇ. ಮೊದಲ ವರ್ಷ ಪರೀಕ್ಷೆಯದು. ವರ್ಷದ ಕೊನೆಗೆ ಸಭೆ ಕೈಯೆತ್ತಿ ಮತ ಹಾಕಿ, ಇರಲಿ ಎಂದರೆ ಇರಬೇಕು, ಬೇಡವೆಂದರೆ ಸಭೆ ಕೊಟ್ಟ ಮನೆಯನ್ನೂ ಬಿಟ್ಟು ಹೊರಡಬೇಕು. ಅವನ ಹೆಂಡತಿಗೆ ದಿನ ತುಂಬುತ್ತ ಬಂದಿತ್ತು. ಮತದ ಭಾನುವಾರವೂ ಹತ್ತಿರ ಬಂದಿತ್ತು.

ಆಗಲೇ ನಮ್ಮಲ್ಲಿ ಉಜ್ಜೀವನ, ಅಂದರೆ ಆರಿದ ಭಕ್ತಿ ಮತ್ತೆ ಹೊತ್ತಿಕೊಳ್ಳುವುದು, ಶುರುವಾದದ್ದು.

ಅದುವರೆಗೆ ಪ್ರಾರ್ಥನೆಯ ಹೊತ್ತಿಗೆ ಮೊಬೈಲು ತಿಕ್ಕುತ್ತ ಕೂತಿರುತ್ತಿದ್ದ ಮಕ್ಕಳು ಇದ್ದಕ್ಕಿದ್ದಂತೆ ಭಕ್ತರಾದರು. ಕೂಟ ಮುಗಿದ ಮೇಲೂ ಮನೆಗೆ ಹೊರಡಲು ಒಲ್ಲರು. ನೆಲಮಾಳಿಗೆಯ ಊಟದ ಹಾಲಿನಲ್ಲಿ ಕಾರ್ಬಿನ್ ಜೊತೆ ಮೊಣಕಾಲೂರಿ ಇನ್ನೊಂದು ಸುತ್ತು ಪ್ರಾರ್ಥಿಸಿಯೇ ವ್ಯಾನು ಹತ್ತುವರು. ಮೇಲೆ ದೊಡ್ಡವರ ಕೂಟದಲ್ಲಿ ಪಾಸ್ಟರ್ "ಯಾರಿಗಾದರೂ ಬೇಡಿಕೆ ಇದೆಯಾ?" ಎಂದರೆ ಹಿಂದಿನ ಬೆಂಚಿನಲ್ಲಿ ಅಷ್ಟೂ ಕೈಗಳು ಮೇಲೇಳುವವು: "ಬಾಯಿಬಿಡದ ಬೇಡಿಕೆ, ಪಾಸ್ಟರ್." ಇದು ನಮ್ಮಲ್ಲಿ ಹಳೆಯ ಪದ್ಧತಿ. ಹೇಳಿಕೊಳ್ಳಲಾಗದ ಕಷ್ಟವಿದ್ದವರು ಅಷ್ಟೇ ಅಂದರೆ ಸಾಕು, ಎಲ್ಲರೂ ಅದಕ್ಕಾಗಿ ಪ್ರಾರ್ಥಿಸುತ್ತಾರೆ. ಏನೆಂದು ಯಾರೂ ಕೇಳುವಂತಿಲ್ಲ. ಈ ಪದ್ಧತಿ ತಂದವನು ಲವಾನ್ ಪರ್ಟಲ್ ಅವರನ್ನು ಕಂಡಿರಲಾರ.

ಪಾಸ್ಟರ್ ಡೆಲ್ಬರ್ಟ್ ಕಣ್ಣೊರೆಸಿಕೊಂಡರು. ಅಕ್ಕಪಕ್ಕದ ಸಭೆಗಳಿಗೆಲ್ಲ ಫೋನು ಮಾಡಿ ಸುದ್ದಿ ಹೇಳಿದರು. ಲವಾನ್ ಮಾತ್ರ ನನ್ನನ್ನು ಕೋಟು ನೇತುಹಾಕುವ ಮೂಲೆಗೆ ಎಳೆದರು.

"ಹಾರ್ಲನ್, ಈ ವಯಸ್ಸಿನ ಮಕ್ಕಳು ಹಿಂಗೆ ಪ್ರಾರ್ಥನೆ ಮಾಡ್ತಾರೇನೋ?"

"ಪವಿತ್ರಾತ್ಮ ಕೆಲಸ ಮಾಡ್ತಿರಬಹುದು, ಸಿಸ್ಟರ್."

"ಪವಿತ್ರಾತ್ಮನೂ ಕೆಲಸ ಮಾಡ್ತಾನೆ, ಪಾಪ ಮಾಡಿದ ಮನಸ್ಸೂ ಕೆಲಸ ಮಾಡುತ್ತೆ. ಏನೋ ಕಿತಾಪತಿ ಮಾಡಿದಾರೆ ಇವು. ಆ ಗಡ್ಡದವನು ಮುಚ್ಚಿಡ್ತಿದಾನೆ."

ಕಿತಾಪತಿ ಏನೆಂಬುದೂ ಅವರಿಗೆ ಹೊಳೆದಿತ್ತು. ಕೆಲವು ವಾರಗಳಿಂದ ನಮ್ಮ ರಸ್ತೆಯುದ್ದಕ್ಕೂ ಮನೆಗಳ ಮುಂದಿನ ಟಪಾಲು ಪೆಟ್ಟಿಗೆಗಳು ಕಂಬ ಸಮೇತ ಉರುಳುತ್ತಿದ್ದವು. ಹರೆಯದವರು ಓಡುವ ಗಾಡಿಯಿಂದ ಬೇಸ್‌ಬಾಲ್ ಬ್ಯಾಟು ಬೀಸಿ ಪೆಟ್ಟಿಗೆ ಚಚ್ಚುವುದು ನಮ್ಮ ಕಡೆ ಹೊಸ ಆಟವೇನಲ್ಲ. ನಮ್ಮ ಮನೆಯ ನೀಲಿ ಪೆಟ್ಟಿಗೆಯೂ ಚರಂಡಿಯಲ್ಲಿ ಮಲಗಿತ್ತು.

"ಯಾವತ್ತು ಬಿತ್ತು ನಿಂದು?"

"ಗುರುವಾರ ಬೆಳಿಗ್ಗೆ ನೋಡಿದ್ದು."

"ಅಂದ್ರೆ ಬುಧವಾರ ಸಂಜೆ! ಎಲ್ಲರದ್ದೂ ಬುಧವಾರವೇ! ದೇವರ ಮನೆಗೆ ಬಂದ ದಿನವೇ ಚಚ್ಚುತ್ತಾವೆ ನೋಡು. ನಮ್ಮ ವ್ಯಾನಿನ ಬಲಗಡೆ ಕನ್ನಡಿನೂ ಒಡೆದಿದಾರೆ. ಹೋಗ್ಲಿ ಅಂದ್ರೆ ಈ ಕೌಂಟಿಯವರು ರಸ್ತೆ ದುಡ್ಡು ನುಂಗಿ ಅಂಚಿನಲ್ಲೆಲ್ಲ ಗುಂಡಿ ಬಿಟ್ಟಿದಾರೆ. ಹೋಗ್ತಾ ಹೋಗ್ತಾ ಧಡ್ ಧಡ್ ಅನ್ನುತ್ತೆ ವ್ಯಾನು. ಮಕ್ಕಳಂತೂ ಕಿರುಚಿ ಹಾಡು ಹೇಳ್ತಾವೆ, ಕಿವಿ ಕಿತ್ತುಹೋಗುತ್ತೆ."

ಓದುಗರು ನನ್ನನ್ನು ಮನ್ನಿಸಬೇಕು. ಎಲ್ಲ ಸುಳಿವೂ ಕಣ್ಣ ಮುಂದಿದ್ದರೂ ಅದನ್ನು ಜೋಡಿಸುವ ಬುದ್ಧಿ ನನಗಿರಲಿಲ್ಲ. ಅನುಮಾನದ ವರವಿದ್ದ ಆ ಹೆಂಗಸೋ ಇಡೀ ಕೌಂಟಿಯನ್ನು ಶಂಕಿಸಿ, ಒಬ್ಬರನ್ನು ಮಾತ್ರ ಬಿಟ್ಟಿದ್ದರು.

ನಮ್ಮ ಸಭೆಯಲ್ಲಿ ಸೇವೆಗೆ ಬಂದವನ ಮೇಲೆ ದೂರು ತರಬೇಕಾದರೆ ಇಬ್ಬರು ಸಾಕ್ಷಿ ಬೇಕು. ಎರಡನೆಯ ಸಾಕ್ಷಿಯಾಗಿ ನನ್ನನ್ನು ಆರಿಸಿದ್ದು ನನ್ನ ಯೋಗ್ಯತೆ ನೋಡಿಯಲ್ಲ. ಬೇಡ ಎನ್ನುವ ಧೈರ್ಯ ನನಗಿಲ್ಲವೆಂದು ಬಸ್ಸಿನ ಕನ್ನಡಿಯಲ್ಲೇ ಕಂಡುಕೊಂಡಿದ್ದರು. ಅಷ್ಟರಲ್ಲಿ ಅರ್ಧ ಸಭೆಯ ಕಿವಿಯಲ್ಲಿ ಆಗಲೇ ಊದಿಯೂ ಆಗಿತ್ತು. ಸಿಸ್ಟರ್ ಲವಾನ್ ಬೇಡ ಅಂದರೆ ಬೇಡ ಎಂದು ಬೆಂಚು ಬೆಂಚೇ ತೀರ್ಮಾನಿಸಿತ್ತು. ಕಾರ್ಬಿನ್‌ನ ಹೆಂಡತಿ ಬಿಚ್ಚಿದ ರಟ್ಟಿನ ಪೆಟ್ಟಿಗೆಗಳನ್ನು, ಮತ್ತೆ ಸಾಮಾನು ಕಟ್ಟಬೇಕಾದೀತೆಂದು, ಎಸೆಯದೆ ಇಟ್ಟುಕೊಂಡಿದ್ದಾಳೆ ಎಂಬ ಸುದ್ದಿ ಬಂತು.

ಮತಕ್ಕೆ ಮುಂಚಿನ ಬುಧವಾರ ನಮ್ಮ ದಂಡಯಾತ್ರೆ. ಲವಾನ್ ವ್ಯಾನಿನ ಎಂಜಿನ್ ಶುರು ಮಾಡಿ ಹಾಗೇ ಬಿಟ್ಟರು. ಸದ್ದು ಕೇಳಿ ಅವರು ಹೊರಗೆ ಕಾಯುತ್ತಿದ್ದಾರೆಂದು ಮಕ್ಕಳು ತಿಳಿಯಲಿ ಎಂದು. ಆಮೇಲೆ ನಾವಿಬ್ಬರೂ ಹಿಂಬಾಗಿಲಿನಿಂದ ನೆಲಮಾಳಿಗೆಯ ಅಡುಗೆಮನೆ ಹೊಕ್ಕೆವು. ಅಡುಗೆಮನೆಗೂ ಹಾಲಿಗೂ ನಡುವೆ ಊಟ ಬಡಿಸುವ ಕಿಂಡಿ. ಅದಕ್ಕೊಂದು ಮರದ ಬಾಗಿಲು. ಕಾಫಿ ಪಾತ್ರೆಗಳ ನಡುವೆ ನಾವು ಕಿವಿಯಿಟ್ಟು ಕುಕ್ಕರಿಸಿದೆವು. ನನ್ನ ಮೊಣಕಾಲು ಲಟಕ್ಕೆಂದಿತು. ಲವಾನ್ ಅದನ್ನೂ ಅನುಮಾನದಿಂದ ನೋಡಿದರು.

ಮೊದಲು ಟಕರ್ ಎಂಬ ಎತ್ತರದ ಹುಡುಗನ ದನಿ ಬಂತು. "ಯೇಸಪ್ಪಾ, ಇವತ್ತು ಮಂಜು ಬೇರೆ ಇದೆ. ಸೇತುವೆ ಹತ್ರ ಎದುರಿಗೆ ಲಾರಿ ಬರದೆ ಇರೋ ಹಂಗೆ ನೋಡ್ಕೋ. ಬಂದೇ ಬರುತ್ತೆ ಅಂದ್ರೆ ಚಿಕ್ಕದು ಬರ್ಲಿ."

"ಆಮೆನ್," ಎಂದಿತು ಹಾಲು, ಮನಸಾರೆ.

ಬ್ರಿನ್ ಎಂಬ ಹುಡುಗಿ ಮುಂದುವರಿಸಿದಳು: "ದೇವರೇ, ಹೋದ ವಾರ ಡೀಕನ್ ಹಾರ್ಲನ್ ಅವರ ಪೆಟ್ಟಿಗೆ ಒಂದೇ ಹೋಯ್ತು, ಪಕ್ಕದಲ್ಲಿದ್ದ ಅವರ ಹಸು ಉಳೀತು. ಅದಕ್ಕೆ ಸ್ತೋತ್ರ."

ನಾನು ಎದೆ ಹಿಡಿದುಕೊಂಡೆ. ಲವಾನ್ ನನ್ನ ತೋಳು ಚಿವುಟಿದರು. "ಕೇಳಿದ್ಯಾ? ಒಪ್ಕೊಂಡ್ರು! ನಂದೇ ಸರಿ!"

ಆಗ ಎಲ್ಲರಿಗಿಂತ ಚಿಕ್ಕವಳೊಬ್ಬಳು ಹೇಳಿದಳು: "ಮಿಸ್ ಲವಾನ್‌ಗೆ ರಸ್ತೆ ಅಂಚು ಕಾಣ್ಸೋ ಹಂಗೆ ಮಾಡಪ್ಪಾ. ಕೆಂಪು ದೀಪನೂ."

ಲವಾನ್ ನನ್ನ ತೋಳು ಬಿಟ್ಟರು.

"ಯಾವ ಲವಾನ್?" ಎಂದರು ಅವರು, ಪಿಸುದನಿಯಲ್ಲಿ.

"ಈ ಕೌಂಟಿಯಲ್ಲಿ ಎಷ್ಟು ಜನ ಇದೀರಿ ಸಿಸ್ಟರ್?"

ಕೊನೆಗೆ ಕಾರ್ಬಿನ್‌ನ ಸರದಿ. "ತಂದೆಯೇ, ಆ ವ್ಯಾನು ಬಿಟ್ರೆ ಅವರಿಗೆ ಬೇರೇನೂ ಇಲ್ಲ. ಬೀಗದಕೈ ಹೆಂಗೆ ಕೇಳ್ಲಿ? ಈ ವಾರ ಹೇಳ್ತೀನಿ ಅಂತ ಪ್ರತಿ ವಾರ ನಿಂಗೆ ಮಾತು ಕೊಡ್ತೀನಿ, ಅವರ ಮುಖ ನೋಡಿದ್ರೆ ನಾಲಿಗೆ ಏಳಲ್ಲ. ಪಕ್ಕದಲ್ಲಿ ಕೂತು ತಿರುವು ಬಂತು, ತಿರುವು ಬಂತು ಅಂತೀನಿ, ಅಷ್ಟೇ. ನನ್ನ ಹೇಡಿತನ ಕ್ಷಮಿಸು. ಇವತ್ತೊಂದಿನ ಮನೆ ಮುಟ್ಸು."

ನಾನು ಚರ್ಚಿನಲ್ಲಿ ಕೇಳಿದ ಪ್ರಾರ್ಥನೆಗಳು ಬಹಳ. ಲೋಕಶಾಂತಿಗೆಂದು ಬೇಡುತ್ತ ಮನಸ್ಸಿನಲ್ಲಿ ಕೋಳಿಯ ತೊಡೆ ಎಣಿಸುವುದು ನಮಗೆಲ್ಲ ಅಭ್ಯಾಸ. ಈ ಮಕ್ಕಳು ಮಾತ್ರ ತಮಗೆ ನಿಜಕ್ಕೂ ಬೇಕಾದದ್ದನ್ನು, ಈಗಲೇ ಬೇಕಾದದ್ದನ್ನು, ಕೊಡುವವನು ಇದ್ದಾನೆಂದು ನಂಬಿ ಕೇಳುತ್ತಿದ್ದರು. ಪ್ರಾಣಭಯದಿಂದ ಹುಟ್ಟಿತೆಂದು ಅದನ್ನು ಉಜ್ಜೀವನವಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ತಮ್ಮನ್ನು ಚರಂಡಿಗೆ ಬೀಳಿಸಬಹುದಾದ ಮುದುಕಿಯ ಮನಸ್ಸು ನೋಯದಿರಲಿ ಎಂದು ಬಾಯಿ ಹೊಲಿದುಕೊಂಡಿದ್ದವು, ಆ ಪೆದ್ದು ಮಕ್ಕಳು.

ಲವಾನ್ ಎದ್ದು ಹೊರಗೆ ನಡೆದರು. ರಸ್ತೆಯಂಚಿನ ಕಡೆಗಿರುವ ವ್ಯಾನಿನ ಬಲಮಗ್ಗುಲಿಗೆ ಮುಖ ತೀರಾ ಹತ್ತಿರ ಒಯ್ದು, ಬೆರಳಾಡಿಸುತ್ತ ಉದ್ದಕ್ಕೂ ಬಂದರು. ಒಂದು ತಗ್ಗಿನಲ್ಲಿ ಬೆರಳು ನಿಂತಿತು.

"ಇದು ಯಾವ ಬಣ್ಣವೋ ಹಾರ್ಲನ್?"

"ನೀಲಿ, ಸಿಸ್ಟರ್."

"ನಿನ್ನ ಪೆಟ್ಟಿಗೆದಾ?"

"ಇರಬಹುದು."

"ಇರಬಹುದು ಅಂತೆ," ಎಂದು ಮೂಗು ಮುರಿದರು. ಮಕ್ಕಳು ಹೊರಬಂದಾಗ ಬೀಗದಕೈಯನ್ನು ಕಾರ್ಬಿನ್ ಕೈಗೆ ತುರುಕಿ, "ತಲೆನೋವು. ಇವತ್ತು ನೀನು ಓಡ್ಸು. ಭಾನುವಾರ ನಿನ್ನನ್ನ ನೋಡ್ಕೋತೀನಿ," ಎಂದು ನನ್ನ ಪಿಕಪ್ ಹತ್ತಿ ಕೂತರು. ಬೈಯದ ಲವಾನ್ ಪಕ್ಕದಲ್ಲಿ ಕೂತಿದ್ದಕ್ಕೆ ನನಗೇ ಹೆದರಿಕೆಯಾಯಿತು.

ಅವರೇನು ಮಾಡುವರೆಂದು ನನಗೂ ತಿಳಿದಿರಲಿಲ್ಲ. ಅವರು ಸುಮ್ಮನಿದ್ದರೆ ಸಾಕಾಗಿತ್ತು. ಊದಿದ್ದು ಊದಿಯಾಗಿತ್ತು; ಕಾರ್ಬಿನ್ ಮನೆ ಖಾಲಿ ಮಾಡುತ್ತಿದ್ದ, ವ್ಯಾನಿನ ಗುಟ್ಟೂ ಅವನೊಡನೆ ಹೊರಟುಹೋಗುತ್ತಿತ್ತು.

ಭಾನುವಾರ ಊಟವಾಯಿತು. ಕಾರ್ಬಿನ್ ತಟ್ಟೆಯ ಮ್ಯಾಕರೋನಿ ಮುಟ್ಟಿರಲಿಲ್ಲ. ಪಾಸ್ಟರ್ ಡೆಲ್ಬರ್ಟ್ ಗಂಟಲು ಸರಿಮಾಡಿಕೊಂಡು, "ಮತಕ್ಕೆ ಮುಂಚೆ ಯಾರಿಗಾದರೂ ಮಾತಾಡೋದಿದೆಯಾ?" ಎಂದರು. ಯಾರೂ ಮಾತಾಡದಿರಲಿ ಎಂದು ಎಲ್ಲರೂ ಪ್ರಾರ್ಥಿಸುತ್ತಿರುವಾಗಲೇ ಲವಾನ್ ಎದ್ದರು. ಕರಿಯ ಕೋಟು, ಕೈಯಲ್ಲಿ ಕರಿಯ ಚೀಲ. ಇಡೀ ಸೈನ್ಯ ಅವರೊಬ್ಬರೇ.

"ಟಪಾಲು ಪೆಟ್ಟಿಗೆ ಬೀಳಿಸ್ತಿದ್ದೋರು ಸಿಕ್ಕಿದಾರೆ. ಸಾಕ್ಷಿ ಇಬ್ಬರಿದೀವಿ. ಎದ್ದೇಳೋ ಹಾರ್ಲನ್."

ನಾನು ಎದ್ದೆ.

"ಬೀಳಿಸಿದ್ದು ನಾನೇ. ವ್ಯಾನಲ್ಲಿ. ನನಗೆ ಕಣ್ಣು ಕಾಣಲ್ಲ."

ಯಾರೋ ತಮಾಷೆಯೆಂದು ನಕ್ಕರು. ಲವಾನ್ ಆ ದಿಕ್ಕಿಗೆ ತಿರುಗಿದರು, ನಗು ನಿಂತಿತು.

"ನಿಮ್ಮ ಮಕ್ಕಳ ಮೇಲೆ ಹಾಕಿದ್ನಲ್ಲ, ಅದು ನನ್ನ ತಪ್ಪು. ಮಕ್ಕಳೇ, ಕ್ಷಮಿಸಿ. ಇನ್ನು ಇವನ ವಿಷಯ." ಬೆರಳು ಕಾರ್ಬಿನ್ ಕಡೆ ಚಾಚಿತು. "ಇವನಿಗೆ ಎಲ್ಲ ಗೊತ್ತಿತ್ತು. ನನ್ನ ಮನಸ್ಸು ನೋಯುತ್ತೆ ಅಂತ ಸುಮ್ನಿದ್ದ. ಮಕ್ಕಳ ಜೀವಕ್ಕಿಂತ ನನ್ನ ಮನಸ್ಸು ದೊಡ್ಡದೇನೋ? ನಿಂಗೆ ದೇವರಿಗಿಂತ ನನ್ನ ಭಯವೇ ಜಾಸ್ತಿ ಆಯ್ತಾ?"

ಕಾರ್ಬಿನ್ ಎದ್ದುನಿಂತ. ಗಡ್ಡದೊಳಗೆ ಮುಖ ಕೆಂಪಾಗಿತ್ತು. "ಹೌದು, ಮಿಸ್ ಲವಾನ್. ದೇವರು ಯಾವತ್ತೂ ನನ್ನ ಪಕ್ಕದ ಸೀಟಲ್ಲಿ ಕೂತು ಬೈದಿಲ್ಲ. ತಪ್ಪಾಯ್ತು. ಮೊದಲನೇ ದಿನವೇ ಹೇಳಬೇಕಿತ್ತು."

ಲವಾನ್ ಅವನನ್ನು ಬಹಳ ಹೊತ್ತು ದಿಟ್ಟಿಸಿದರು, ಕಂಡಷ್ಟು.

"ಇವನನ್ನ ಇಟ್ಕೊಳ್ಳಿ," ಎಂದರು ಸಭೆಗೆ. "ಇವನ ತಪ್ಪೇನು ಅಂತ ನನಗೆ ಗೊತ್ತಾಗಿದೆ. ಹೊಸಬ ಬಂದ್ರೆ ಅವನದು ಹುಡುಕೋಕೆ ಇನ್ನೊಂದು ವರ್ಷ ಬೇಕು, ನನಗೆ ವಯಸ್ಸಾಗಿದೆ."

ಕೈಗಳು ಎದ್ದವು. ಕಾರ್ಬಿನ್‌ನ ಹೆಂಡತಿ ಕಾಗದದ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಉರುಳಿದ ಪೆಟ್ಟಿಗೆಗಳನ್ನು ಮುಂದಿನ ಶನಿವಾರ ಮಕ್ಕಳೂ ನಾವೂ ಸೇರಿ ನೆಟ್ಟೆವು; ಪ್ರತಿ ಕಂಬವೂ ಸೊಟ್ಟಗಿದೆಯೆಂದು ಲವಾನ್ ಮುಟ್ಟಿ ಮುಟ್ಟಿ ಹೇಳಿದರು.

ಬುಧವಾರದ ಉಜ್ಜೀವನ ಮಾತ್ರ ಆ ವಾರವೇ ತಣ್ಣಗಾಯಿತು. ಮಕ್ಕಳು ಚುಟುಕು ಪ್ರಾರ್ಥನೆ ಮುಗಿಸಿ ಪಿಜ್ಜಾ ತಿನ್ನಲು ಓಡಿದರು. ಅಕ್ಕಪಕ್ಕದ ಸಭೆಗಳಿಗೆ ಈಗ ಏನು ಹೇಳುವುದೆಂದು ಪಾಸ್ಟರ್ ಡೆಲ್ಬರ್ಟ್ ಪೇಚಾಡಿದರು. ವ್ಯಾನನ್ನು ಕಾರ್ಬಿನ್ ಓಡಿಸುತ್ತಾನೆ. ಪಕ್ಕದ ಸೀಟಿನಲ್ಲಿ ಲವಾನ್, ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ತೊಡೆಯ ಮೇಲೆ. ರಸ್ತೆ ಕಾಣದಿದ್ದರೂ ಅವನು ಜೋರಾಗಿ ಓಡಿಸುತ್ತಿದ್ದಾನೆಂದು ಅವರಿಗೆ ಗೊತ್ತು.

ಮೊನ್ನೆಯ ಕೂಟದಲ್ಲಿ ಬ್ರಿನ್ ಕೈಯೆತ್ತಿದಳು. "ಪಾಸ್ಟರ್, ಸೋಮವಾರ ಮಿಸ್ ಲವಾನ್ ಅವರ ಕಣ್ಣಿಗೆ ಆಪರೇಷನ್ ಇದೆ. ಅದಕ್ಕೆ ಪ್ರಾರ್ಥನೆ ಮಾಡ್ಬೇಕು."

ಮುಂದಿನ ಬೆಂಚಿನಿಂದ ಲವಾನ್ ಗಕ್ಕನೆ ತಿರುಗಿದರು. "ಯಾರೇ ಹೇಳಿದ್ದು ನಿಂಗೆ?"

ಬ್ರಿನ್ ತುಟಿ ಬಿಗಿದಳು. ನಾನು ಹಾಡಿನ ಪುಸ್ತಕದಲ್ಲಿ ತಲೆ ಹುದುಗಿಸಿದೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. ಲವಾನ್ ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಆ ಡಾಕ್ಟರ್ ಸಲುವಾಗಿನೂ ಒಂಚೂರು ಮಾಡ್ರೋ. ಜಾಸ್ತಿ ನಗ್ತಾನೆ ಅವನು. ನನಗ್ಯಾಕೋ ಅನುಮಾನ."