ನಂಜುಂಡಪ್ಪನ ಬೋಟಿನ ‘ಧಡ್’

ನನ್ನ ಬಲಗಿವಿಗೆ ಡೀಸೆಲ್ ವಾಸನೆ ಹತ್ತಿಕೊಂಡಿದೆ. ಭಾನುವಾರದಿಂದ ಸೀಗೆಪುಡಿ ಹಾಕಿ ಉಜ್ಜುತ್ತಿದ್ದೇನೆ, ಹೋಗಿಲ್ಲ. ಮೋಟಾರ್ ಬೋಟಿನ ಹಲಗೆಗೆ ಕಿವಿಯಾನಿಸಿ ಮಲಗುವ ಗ್ರಹಚಾರ ಯಾರಿಗೂ ಬರಬಾರದು ಕಣ್ರೀ. ಅದರಲ್ಲೂ ಈಜು ಬಾರದವರಿಗೆ.

ಯಲಹಂಕದಲ್ಲಿ ಮೋಟಾರ್ ಬೋಟೇ? ನೀವು ನಗುವುದು ನನಗೆ ಕೇಳಿಸುತ್ತಿದೆ. ನಾನೂ ನಕ್ಕಿದ್ದೆ. ನನ್ನ ಗೆಳೆಯ ನಂಜುಂಡಪ್ಪ ಊರಿನ ಹಳೇ ಕುಳ, ಹಿಟ್ಟಿನ ಮಿಲ್ಲು ನಡೆಸುತ್ತಾನೆ. ಎಲ್ಲೋ ಹರಾಜಿನಲ್ಲಿ ಒಂದು ಮುದಿ ಬೋಟು ಹಿಡಿದು ಲಾರಿಯಲ್ಲಿ ಹೊತ್ತು ತಂದ. ಭಾನುವಾರ ಭಾನುವಾರ ಜನರನ್ನು ಕೆರೆಯಲ್ಲಿ ಒಂದು ಸುತ್ತು ಹಾಕಿಸುವುದು ಅವನ ಪ್ಲಾನು. ಅದಕ್ಕೂ ಮೊದಲು ಹೆಂಡತಿ ಜಯಮ್ಮನನ್ನು ಕೂರಿಸಬೇಕೆಂಬುದು ಒಳಗಿನ ಆಸೆ. ಆಕೆಗೋ, ನೀರೆಂದರೆ ಜ್ವರ. ಮದುವೆಯಾಗಿ ಬಂದಾಗಿನಿಂದ ಕೆರೆ ಏರಿಯಿಂದ ಆಚೆಗೆ ಒಂದು ಹೆಜ್ಜೆ ಇಳಿದವರಲ್ಲ.

ಬೋಟು ನೀರಿಗಿಳಿದ ದಿನವೇ ತಕರಾರು ಶುರುವಾಯಿತು. ಎಂಜಿನ್ ಸ್ಟಾರ್ಟ್ ಮಾಡಿದರೆ ಸಾಧುವಾಗಿ ಗುರ್ ಅನ್ನುತ್ತದೆ. ಗೇರ್ ಮುಂದಕ್ಕೆ ಹಾಕಿದರೆ ಕೆಳಗಿನಿಂದ ‘ಧಡ್!’ ರಿವರ್ಸ್ ಹಾಕಿದರೆ ಮತ್ತೆ ‘ಧಡ್!’ ಕೆರೆಗೆ ಪರ್ಮಿಷನ್ ಕೊಡುವ ಸಾಹೇಬರು ಭಾನುವಾರ ಖುದ್ದಾಗಿ ಬಂದು ಬೋಟಿನಲ್ಲಿ ಕೂತು ನೋಡುವವರಿದ್ದರು. ಇಂಥ ಸದ್ದು ಕೇಳಿದ ಮೇಲೆ ಯಾವ ಸಾಹೇಬ ಓಕೆ ಅನ್ನುತ್ತಾನೆ?

ಆರ್.ಟಿ. ನಗರದಿಂದ ಲಾರಿ ಮೆಕ್ಯಾನಿಕ್ ಗೌಸ್ ಭಾಯಿ ಬಂದರು. ಬಂದವರೇ ತೀರ್ಪು ಕೊಟ್ಟರು. “ಗೇರ್‌ಬಾಕ್ಸ್ ಹೋಗಿದೆ ನಂಜಣ್ಣ. ಕಣ್ಣು ಮುಚ್ಕೊಂಡು ಹೇಳ್ತೀನಿ.”

ಕಣ್ಣು ತೆರೆದು ಬಿಚ್ಚಿ ನೋಡಿದರೆ ಒಂದು ಹಲ್ಲೂ ಮುರಿದಿರಲಿಲ್ಲ. ಹಂಗಾದ್ರೆ ಶಾಫ್ಟು ಅಂದರು. ಶಾಫ್ಟು ನೆಟ್ಟಗಿತ್ತು. ಎಂಜಿನ್ ಕೆಳಗಿನ ರಬ್ಬರು ತೆಗೆದು ಲಾರಿ ಟೈರಿನ ತುಂಡು ಇಟ್ಟರು. ನೀರಿಗಿಳಿಸಿದರೆ ಮತ್ತೆ ‘ಧಡ್!’ ಕೊನೆಗೆ ಎಂಜಿನ್ ಕಳಚಿ ತಮ್ಮ ಶೆಡ್ಡಿಗೇ ಒಯ್ದು ಓಡಿಸಿದರು. ಅಲ್ಲಿ ತುಟಿಪಿಟಕ್ಕೆನ್ನಲಿಲ್ಲ!

“ತೌಬಾ ತೌಬಾ! ನೀರು ಕುಡಿದ್ರೆ ಮಾತ್ರ ಮಾತಾಡ್ತದೆ ಸಾಬ್ ಇದು,” ಎಂದು ನನ್ನ ಬಳಿ ಗೋಳಾಡಿದರು.

“ಒಂದು ಪೂಜೆ ಮಾಡ್ಸಿಬಿಡೋ,” ಎಂದೆ ನಂಜುಂಡಪ್ಪನಿಗೆ. ಕೆಂಡವಾದ. “ಯಂತ್ರಕ್ಕೆ ಬೇಕಾಗಿರೋದು ಗ್ರೀಸು, ಕುಂಕುಮ ಅಲ್ಲ. ಮನೇಲೂ ಇಂಗೇ ಏಳಿವ್ನಿ!”

ಇಲ್ಲೊಂದು ತಮಾಷೆಯಿದೆ. ಈ ಸದ್ದಿನ ಪುರಾಣ ಮಿಲ್ಲಿಗೆ ರಾಗಿ ತಂದವರಿಗೆಲ್ಲ ಗೊತ್ತು, ಬಸ್ ಕಂಡಕ್ಟರಿಗೂ ಗೊತ್ತು. ಜಯಮ್ಮನಿಗೆ ಮಾತ್ರ ಗೊತ್ತಿಲ್ಲ. ಆಕೆಯ ಮುಂದೆ ಇವನು ‘ಬೆಣ್ಣೆ ಇದ್ದಂಗೆ ಓಡ್ತದೆ’ ಎಂದು ಕೊಚ್ಚಿಕೊಂಡಿದ್ದ. (ಗಂಡಸರ ಜಾತಿಯೇ ಅಷ್ಟು. ನನ್ನನ್ನೂ ಸೇರಿಸಿಕೊಳ್ಳಿ.)

ಭಾನುವಾರ ಬೆಳಿಗ್ಗೆ. ಸಾಹೇಬರು ಬರಲು ಇನ್ನೊಂದು ಗಂಟೆಯಿತ್ತು. “ನೀನು ಬರೆಯೋನು, ಕಿವಿ ಚುರುಕಿರ್ತದೆ, ಮಲ್ಗು,” ಎಂದು ನಂಜುಂಡಪ್ಪ ನನ್ನನ್ನು ಬೋಟಿನ ನೆಲಹಲಗೆಯ ಮೇಲೆ ಕೆಡವಿದ. ಗೇರ್ ಬಿತ್ತು. ಧಡ್! ತಲೆಯೆಲ್ಲ ಜುಮ್ಮೆಂದಿತು. “ಒಂದ್ಸಲ ಹಿಂದೆ ಬಡೀತದೆ, ಒಂದ್ಸಲ ಮುಂದೆ ಬಡೀತದೆ ಕಣೋ,” ಎಂದೆ. ಗೌಸ್ ಭಾಯಿ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು.

ನಂಜುಂಡಪ್ಪ ಬೋಟನ್ನು ದಡದ ಹತ್ತಿರ ತಂದು ಎಂಜಿನ್ ಆಫ್ ಮಾಡಿದ. “ಸಾಕು ಗುರು. ಸಾಹೇಬ್ರಿಗೆ ಬರಬೇಡಿ ಅಂತ ಏಳ್ಬಿಡು. ಇದನ್ನ ಗುಜರಿಗೆ ಆಕ್ತೀನಿ.”

ಏರಿಯ ಮೇಲೆ ಜಯಮ್ಮ ಉಪ್ಪಿಟ್ಟಿನ ಡಬ್ಬಿ ಹಿಡಿದು ನಿಂತಿದ್ದರು. ಯಾವಾಗ ಬಂದರೋ, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ‘ಧಡ್’ ಕೂಡ.

“ರೀ, ಈ ಸದ್ದು ಯಾವತ್ತಿಂದ?”

“ಮೊದಲ್ನೇ ದಿನದಿಂದ.”

“ನಂಗ್ಯಾಕೆ ಹೇಳ್ಲಿಲ್ಲ?”

ಏನೆಂದು ಹೇಳುತ್ತಾನೆ ಪಾಪ, ಬೆಣ್ಣೆ ಕರಗಿತು ಅಂತಲೇ?

ಆಕೆ ಸರಸರನೆ ಇಳಿದು ಬಂದು ಡಬ್ಬಿಯನ್ನು ನನ್ನ ಕೈಗೆ ತುರುಕಿದರು. ಸೆರಗು ಸಿಕ್ಕಿಸಿ, ಮೊಣಕಾಲುದ್ದದ ನೀರಿಗಿಳಿದು, ಬೋಟು ಹತ್ತಿಯೇಬಿಟ್ಟರು! ಎರಡೂ ಕೈಯಲ್ಲಿ ಬೋಟಿನ ಅಂಚು ಹಿಡಿದುಕೊಂಡರು. “ಈ ಹಲಗೆ ಕೀಳಿ ಭಾಯಿ,” ಎಂದರು. ನಂಜುಂಡಪ್ಪ ತಾನೇ ಮೊಳೆ ಹೊಡೆದು ಮುಚ್ಚಿದ್ದ ನೆಲಹಲಗೆ ಅದು. ಗೌಸ್ ಭಾಯಿ ರಾಡು ಹಾಕಿ ಎಬ್ಬಿಸಿದರು. ಒಳಗೆ ಹಳದಿ ಬಟ್ಟೆಯಲ್ಲಿ ಕಟ್ಟಿದ ಒಂದು ತೆಂಗಿನಕಾಯಿ!

ಬೋಟು ಇನ್ನೂ ಮನೆಯಂಗಳದಲ್ಲಿದ್ದಾಗ, ಹಲಗೆ ಮುಚ್ಚುವ ಮುನ್ನ, ಗಂಗಮ್ಮನಿಗೆ ಹರಕೆ ಹೊತ್ತು ಇಟ್ಟಿದ್ದರಂತೆ. “ನಮ್ಮ ಯಜಮಾನ್ರನ್ನ ಕಾಯವ್ವಾ ಅಂತ ಇಟ್ಟೆ ಅಣ್ಣಾ. ಹೇಳಿದ್ರೆ ಎತ್ತಿ ಎಸೀತಿದ್ರು.”

ಬೋಟು ಮುಂದಕ್ಕೆ ಜಿಗಿದರೆ ಕಾಯಿ ಹಿಂದಕ್ಕೆ ಉರುಳಿ ಧಡ್. ರಿವರ್ಸ್ ಬಂದರೆ ಮುಂದಕ್ಕೆ ಉರುಳಿ ಧಡ್. ಗಂಡ ಸದ್ದು ಮುಚ್ಚಿಟ್ಟ, ಹೆಂಡತಿ ಕಾಯಿ ಮುಚ್ಚಿಟ್ಟಳು. ಬೈಸಿಕೊಂಡದ್ದು ಗೇರ್‌ಬಾಕ್ಸು.

ನಂಜುಂಡಪ್ಪ ಕಾಯಿಯನ್ನು ಕೈಗೆತ್ತಿಕೊಂಡ. ಕೆರೆಗೆ ಬಿಸಾಕುತ್ತಾನೆ ಅಂದುಕೊಂಡೆ. ಇಲ್ಲ. ಗೌಸ್ ಭಾಯಿಯಿಂದ ಹಳೇ ಟ್ಯೂಬಿನ ಪಟ್ಟಿ ಇಸಿದುಕೊಂಡು ಬೋಟಿನ ಮೂತಿಗೆ ಬಿಗಿಯಾಗಿ ಕಟ್ಟಿದ. “ಅಲ್ಲಾಡ್ಬಾರ್ದು, ಅಷ್ಟೆ,” ಎಂದ. ಹೆಂಡತಿಯ ಮುಖ ನೋಡಲಿಲ್ಲ.

ಸಾಹೇಬರು ಟೈ ಕಟ್ಟಿಕೊಂಡು ಬಂದರು. ಒಂದು ಕಾಲು ಬೋಟಿನಲ್ಲಿ, ಒಂದು ಕಾಲು ದಡದಲ್ಲಿ ಇಟ್ಟು ಮೊದಲು ಕೇಳಿದ್ದೇನು ಗೊತ್ತೇ? “ಪೂಜೆ ಮಾಡ್ಸಿದ್ದೀರೇನ್ರೀ? ಇಲ್ದಿದ್ರೆ ನಾನು ಕೂರಲ್ಲ.”

“ನೀರಿಗೆ ಇಳಿಸೋಕ್ ಮುಂಚೇನೇ ಆಗ್ಬಿಟ್ಟದೆ ಸಾರ್!” ಎಂದ ನಮ್ಮ ಗ್ರೀಸ್ ಭಕ್ತ.

ಬೋಟು ನಿಜಕ್ಕೂ ಬೆಣ್ಣೆಯಂತೆ ಓಡಿತು. ಪರ್ಮಿಷನ್ ಸಿಕ್ಕಿತು. ಜಯಮ್ಮ ಇಳಿಯಲೇ ಇಲ್ಲ. ಕಣ್ಣು ಮುಚ್ಚಿ, ಗಂಡನ ಅಂಗಿ ಹಿಡಿದು, ಇಡೀ ಒಂದು ಸುತ್ತು ಬಂದರು. ಆಗ ಅವನ ಮುಖ ನೀವು ನೋಡಬೇಕಿತ್ತು.

ಮನೆಗೆ ಬಂದು ಇದನ್ನೆಲ್ಲ ನನ್ನಾಕೆಗೆ ಬಣ್ಣ ಕಟ್ಟಿ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು:

“ನಿಮ್ಮ ಸ್ಕೂಟರಿನ ಸ್ಟೆಪ್ನಿ ಹಿಂದೆ ಯಾವತ್ತಾದ್ರೂ ನೋಡಿದ್ದೀರಾ?”